ಒಂದೇ ಗ್ರೂಪ್ ಫೋಟೋ ಉಂಟು: ದೊಡ್ಡದು ಮಾಡಿಸುವುದೋ, ಚಿತ್ರ ಬರೆಸುವುದೋ?

ಹಳೇ ವಿದ್ಯಾರ್ಥಿ, ಉಡುಪಿ

ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಗೆ ಬರುವ ವರ್ಷ ನೂರು ತುಂಬುತ್ತದೆ. ಶಾಲೆ ಶುರು ಮಾಡಿದ ಮಾಸ್ಟ್ರ ದೊಡ್ಡ ಭಾವಚಿತ್ರ ಸಭಾಂಗಣದಲ್ಲಿ ಹಾಕಬೇಕೆಂದು ಸಮಿತಿ ತೀರ್ಮಾನಿಸಿದೆ. ಅಲ್ಲಿಯವರೆಗೆ ಜಗಳ ಇಲ್ಲ. ಇರುವುದು ಒಂದೇ ಫೋಟೋ, 1930ರ ದಶಕದ್ದು, ಮಕ್ಕಳ ಜೊತೆ ಶಾಲೆಯ ಜಗಲಿಯಲ್ಲಿ ತೆಗೆದದ್ದು. ಅದರಲ್ಲಿ ಮಾಸ್ಟ್ರ ಮುಖ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ.

ಸಮಿತಿಯಲ್ಲಿ ಈಗ ಎರಡು ಪಕ್ಷ. ಒಂದು ಪಕ್ಷ ಹೇಳುವುದು, ಎಐ ಹಾಕಿ ದೊಡ್ಡದು ಮಾಡಿಸಿ, ಫೋಟೋ ಅಂದರೆ ಇದ್ದದ್ದು ಇದ್ದ ಹಾಗೆ, ಚಿತ್ರ ಅಂದರೆ ಬರೆಯುವವರ ಕಲ್ಪನೆ. ಇನ್ನೊಂದು ಪಕ್ಷ ಆಯಿಲ್ ಪೇಂಟಿಂಗೇ ಆಗಬೇಕು ಅಂತ ಹಟ ಹಿಡಿದಿದೆ. ಮಾಸ್ಟ್ರ ಮೊಮ್ಮಗಳು ಎಂಬತ್ತು ದಾಟಿದವರು, ಇನ್ನೂ ಗಟ್ಟಿ ಇದ್ದಾರೆ. ಅವರಿಗೆ ಫೋಟೋ ತೋರಿಸಿದರೆ "ಅಜ್ಜ ಇದರಲ್ಲಿ ಅಜ್ಜನ ಹಾಗೆ ಇಲ್ಲ" ಅಂದುಬಿಟ್ಟರು.

ಹಣದ ವಿಚಾರ ಬಿಡಿ, ಅದಕ್ಕೆ ಬೇರೆಯೇ ಮೀಟಿಂಗ್ ಉಂಟು. ಯಾವುದು ಹೆಚ್ಚು ಸತ್ಯ, ಅಷ್ಟು ಹೇಳಿ.

ಪಿಕ್ಸೆಲ್ ಸುರತ್ಕಲ್

ಇದರಲ್ಲಿ ಚರ್ಚೆಗೆ ಎಂತ ಉಂಟು? ಫೋಟೋ. ಅವತ್ತು ಮಾಸ್ಟ್ರ ಮುಖಕ್ಕೆ ಬಿದ್ದ ಬೆಳಕೇ ಲೆನ್ಸಿನೊಳಗೆ ಹೋಗಿ ಪ್ಲೇಟಿನ ಮೇಲೆ ಕೂತದ್ದು. ನಡುವೆ ಯಾರ ಅಭಿಪ್ರಾಯವೂ ಇಲ್ಲ. ಪೇಂಟರ್ ಅವರನ್ನು ಕಂಡದ್ದೇ ಇಲ್ಲ, ಅವರು ಬರೆದದ್ದು ಹೇಗೆ ಸತ್ಯ ಆಗುವುದು?

ಡಾರ್ಕ್‌ರೂಮ್ ಮಾಮ

ನಡುವೆ ಯಾರೂ ಇಲ್ಲ ಅಂದೆಯಲ್ಲ ತಮ್ಮಾ, ನಡುವೆ ನಾನಿದ್ದೆ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಕಪ್ಪು ಬಿಳುಪಿನ ಕಾಲದಿಂದ ಡಿಜಿಟಲ್ ಬಂದು ಹೊಟ್ಟೆಗೆ ಹೊಡೆಯುವವರೆಗೆ ಕೆಲಸ ಮಾಡಿದವ ನಾನು.

ಗಿರಾಕಿ ಎದ್ದು ಹೋದ ಮೇಲೆ ನಮ್ಮ ನಿಜವಾದ ಕೆಲಸ ಶುರು. ನೆಗೆಟಿವನ್ನು ಡೆಸ್ಕಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮುಖ ತಿದ್ದುವುದು. ಸುಕ್ಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಇವೆಲ್ಲ ನೆಗೆಟಿವಿನಲ್ಲಿ ತೆಳ್ಳಗೆ ಕಾಣ್ತದೆ. ಅಲ್ಲಿ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಬೆಳ್ಳಗೆ ತುಂಬಿಕೊಳ್ತದೆ. ನರೆ ಕಪ್ಪಾಗಬೇಕಾದರೆ ಬ್ಲೇಡಿನ ತುದಿಯಿಂದ ಮೆಲ್ಲ ಕೆರೆಯುವುದು. ಸಂಬಂಧ ನೋಡ್ಲಿಕ್ಕೆ ಕಳಿಸುವ ಫೋಟೋ ಆದರಂತೂ ಕೇಳುವುದೇ ಬೇಡ, ಆ ಮನೆಯವರು ಹುಡುಗಿಯನ್ನು ಕಾಣುವ ಮೊದಲು ನನ್ನ ಪೆನ್ಸಿಲನ್ನು ಕಾಣ್ತಿದ್ದರು. ಕೋಟು ಸ್ಟುಡಿಯೋದ್ದು, ಕೈಗೆ ಕೊಟ್ಟ ಪುಸ್ತಕ ಸ್ಟುಡಿಯೋದ್ದು, ಹಿಂದಿನ ಪರದೆಯ ಮೇಲಿನ ಅರಮನೆ ಮೆಟ್ಟಿಲು ಯಾರೋ ಪೇಂಟರ್ ಬರೆದದ್ದು.

ಈಗ ಆ 30ರ ದಶಕದ ಫೋಟೋ ವಿಷಯ. ಆಗ ತುಂಬ ಬಳಕೆಯಲ್ಲಿದ್ದದ್ದು ಆರ್ಥೋಕ್ರೊಮ್ಯಾಟಿಕ್ ಪ್ಲೇಟು. ಅದಕ್ಕೆ ಕೆಂಪು ಬೆಳಕು ಕಾಣುವುದೇ ಇಲ್ಲ, ಹಾಗಾಗಿಯೇ ಕೆಂಪು ಬಲ್ಬು ಹಾಕಿಕೊಂಡು ತೊಳೀಲಿಕ್ಕೆ ಆಗ್ತಿದ್ದದ್ದು. ಕೆಂಪಗಿದ್ದದ್ದೆಲ್ಲ ಅದರಲ್ಲಿ ಕಪ್ಪು ಬರ್ತದೆ, ನೀಲಿ ಬೆಳ್ಳಗಾಗ್ತದೆ. ನಮ್ಮವರ ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚು, ಹಾಗಾಗಿ ಇದ್ದದ್ದಕ್ಕಿಂತ ಒಂದು ಸುತ್ತು ಕಪ್ಪು ಕಾಣ್ತಾರೆ, ತುಟಿ ಇನ್ನೂ ಕಪ್ಪು. ನಿಮ್ಮ ಮಾಸ್ಟ್ರ ಹಣೆಯಲ್ಲಿ ಕಪ್ಪು ಗೀಟು ಉಂಟಾ? ಇದ್ದರೆ ಅದು ಕಪ್ಪು ಅಂಗಾರವೋ ಕೆಂಪು ಕುಂಕುಮವೋ ಅಂತ ಆ ಫೋಟೋ ನೋಡಿ ದೇವರಾಣೆಗೂ ಹೇಳ್ಲಿಕ್ಕಾಗುವುದಿಲ್ಲ. ಜಗಲಿಯ ನೆರಳಿನಲ್ಲಿ ತೆಗೆದದ್ದಾದರೆ ಒಂದೆರಡು ಸೆಕೆಂಡು ಅಲ್ಲಾಡದೆ ಕೂತಿರಬೇಕಿತ್ತು. ಉಸಿರು ಹಿಡಿದು ಕೂತ ಮುಖ ಅದು. ಆ ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ.

ಹಳೇ ವಿದ್ಯಾರ್ಥಿ, ಉಡುಪಿ

ಗೀಟು ಉಂಟು ಮಾಮ. ಕಪ್ಪೇ. ಸಮಿತಿಯಲ್ಲಿ ಮಾಸ್ಟ್ರ ಮತ ಯಾವುದು ಅಂತ ಅದರ ಮೇಲೆ ಒಂದು ಗಂಟೆ ಮಾತಾಡಿದ್ದಾರೆ.

ಪಂಚಾಯ್ತಿ ಕಟ್ಟೆ

ಫೋಟೋ ಅಂದರೆ ಸತ್ಯ ಅಂತ ನಂಬಿದ್ದು ಸರಕಾರವೇ. 2023ರ ಜನವರಿಯಿಂದ ನರೇಗಾ ಹಾಜರಿಗೆ ದಿನಕ್ಕೆ ಎರಡು ಸಲ ಫೋಟೋ ಕಡ್ಡಾಯ ಮಾಡಿತು, ಸ್ಥಳ, ಹೊತ್ತು ಸಮೇತ. ಆಮೇಲೆ ಕೇಂದ್ರದ ಇಲಾಖೆಯೇ 2025ರಲ್ಲಿ ಸುತ್ತೋಲೆ ಹೊರಡಿಸಿತು, ಸಂಬಂಧವೇ ಇಲ್ಲದ ಫೋಟೋ ಏರಿಸ್ತಾರೆ, ಫೋಟೋದ್ದೇ ಫೋಟೋ ತೆಗೆದು ಹಾಕ್ತಾರೆ ಅಂತ. ಎಂತ ಮಾಡುವುದು ಹೇಳಿ!

ಬಣ್ಣದಬುಟ್ಟಿ

ಮಾಮ ತಿದ್ದಿದ ಫೋಟೋಗಳ ಬಗ್ಗೆ ಹೇಳಿದರು. ತಿದ್ದದೇ ಇದ್ದದ್ದೂ ಹೇಗೆ ನಡೆದುಕೊಳ್ಳುತ್ತದೆ ಅಂತ ನಾನು ಮಕ್ಕಳಿಗೆ ಚಿತ್ರಕಲೆ ಪಾಠದಲ್ಲಿ ತೋರಿಸುವುದುಂಟು. 1838ರಲ್ಲಿ ಪ್ಯಾರಿಸಿನಲ್ಲಿ ಫೋಟೋ ತೆಗೆಯುವುದನ್ನು ಮೊದಮೊದಲು ಕಂಡುಹಿಡಿದವರಲ್ಲೊಬ್ಬನಾದ ಡಗೇರ್ ತನ್ನ ಕಿಟಕಿಯಿಂದ ಒಂದು ದೊಡ್ಡ ರಸ್ತೆಯ ಫೋಟೋ ತೆಗೆದ. ಹಗಲು ಹೊತ್ತು, ಗಾಡಿ ಕುದುರೆ ಜನ ಓಡಾಡುವ ರಸ್ತೆ. ಫೋಟೋದಲ್ಲಿ ರಸ್ತೆ ಖಾಲಿ! ಪ್ಲೇಟಿಗೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಿತ್ತು, ನಡೆಯುತ್ತಿದ್ದವರು ಯಾರೂ ಅಲ್ಲಿ ನಿಲ್ಲಲಿಲ್ಲ, ಹಾಗಾಗಿ ಉಳಿಯಲೂ ಇಲ್ಲ. ಉಳಿದದ್ದು ಬೂಟು ಪಾಲಿಶ್ ಮಾಡಿಸಲು ಕಾಲು ಚಾಚಿ ನಿಂತವನೊಬ್ಬ, ಅವನ ಕಾಲಬುಡದಲ್ಲಿ ಪಾಲಿಶ್ ಮಾಡುವವನ ಮಸುಕು ಆಕಾರ. ಯಾರೂ ಮೋಸ ಮಾಡಲಿಲ್ಲ. ಆದರೂ ರಥಬೀದಿಯಂಥ ಬೀದಿಯನ್ನು ಅದು ನಿರ್ಜನ ಮಾಡಿ ತೋರಿಸಿತು. ಆವತ್ತು ಅದೇ ಕಿಟಕಿಯಲ್ಲಿ ಒಬ್ಬ ಸಾಧಾರಣ ಚಿತ್ರಕಾರ ಕೂತಿದ್ದರೂ ನಾಲ್ಕು ಗೆರೆಯಲ್ಲಿ ಜನರನ್ನು ಹಾಕಿಯೇ ಏಳುತ್ತಿದ್ದ.

ಈಗ ನಮ್ಮಲ್ಲಿಗೆ ಬನ್ನಿ. ಕೆ.ಕೆ. ಹೆಬ್ಬಾರರು 1911ರಲ್ಲಿ ಹುಟ್ಟಿದ್ದು ಇಲ್ಲೇ ಕಟ್ಟಿಂಗೇರಿಯಲ್ಲಿ. ಲಯ ಹಿಡಿಯಬೇಕೆಂದೇ ಕಥಕ್ ಕಲಿತ ಚಿತ್ರಕಾರ ಅವರು. ಅವರ ರೇಖೆಯಲ್ಲಿ ಕುಣಿಯುವವರನ್ನು ನೋಡಿ: ಬೆರಳುಗಳ ಲೆಕ್ಕ ಸರಿ ಇರಲಿಕ್ಕಿಲ್ಲ, ಮುಖದಲ್ಲಿ ಕಣ್ಣೇ ಇರಲಿಕ್ಕಿಲ್ಲ, ಆದರೆ ಮೈಯ ಭಾರ ಯಾವ ಕಾಲಿನ ಮೇಲಿದೆ, ಮುಂದಿನ ಹೆಜ್ಜೆ ಎಲ್ಲಿಗೆ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಧೀಂಗಿಣ ಹೊಡೆಯುವ, ಅಂದರೆ ಗಿರಗಿರ ತಿರುಗಿ ಹಾರುವ ವೇಷವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ತೆಗೆದ ಫೋಟೋದಲ್ಲಿ ಬಟ್ಟೆಯ ಪ್ರತಿ ನೆರಿಗೆ ಉಂಟು, ಕುಣಿತ ಇಲ್ಲ. ಗಾಳಿಯಲ್ಲಿ ಯಾರೋ ನೇತು ಹಾಕಿದ ಹಾಗೆ ಕಾಣುತ್ತಾನೆ.

ಕುಂದಾಪ್ರದವ

ಹ್ವಾಯ್, ಯಕ್ಷಗಾನದ್ ಸುದ್ದಿ ಬಂದ್ಮೇಲೆ ಸುಮ್ನೆ ಕೂಕಂಬುಕೆ ಆತಿಲ್ಲೆ. ಬಣ್ಣದ ವೇಷದ ಚುಟ್ಟಿ, ಅರ್ದಾಳ, ಇಂಗಳಿಕ, ಈ ಮುಖದ್ ಬಣ್ಣ ಎಲ್ಲ ಗ್ಯಾಸ್‌ಲೈಟಿನ ಹಳದಿ ಬೆಳಕಿಗೆ ಅಂದೇ ಇದ್ದದ್. ಈಗ ಎಲ್‌ಇಡಿ ಬೆಳಕು ಬಿಟ್ಟು ಮೊಬೈಲಲ್ಲಿ ತೆಗ್ದ್ರೆ ಮುಖ ಗೋಡೆಗೆ ಸುಣ್ಣ ಬಳ್ದಂಗೆ ಕಾಣತ್ತ್. ವೇಷಧಾರಿ ತಪ್ಪಾ, ಬೆಳಕಿನ ತಪ್ಪಾ, ಮೊಬೈಲ್ ತಪ್ಪಾ ಕಾಣಿ.

ಕಂಬಳ ಕರೆ

ನಾನು ಕಂಬಳದ ಫೋಟೋ ತೆಗೆಯುವವ. ಟೀಚರ್ ಹೇಳಿದ್ದು ಅರ್ಧ ಒಪ್ತೇನೆ, ಅರ್ಧ ಇಲ್ಲ.

ಒಪ್ಪುವ ಅರ್ಧ ಮೊದಲು. ಕನೆಹಲಗೆ ನೋಡಿದವರಿಗೆ ಗೊತ್ತು, ಹಲಗೆಯ ಮೇಲೆ ನಿಂತು ಕೋಣ ಓಡಿಸುವಾಗ ನೀರು ಮೇಲಕ್ಕೆ ಚಿಮ್ಮಬೇಕು, ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದ ಲೆಕ್ಕ. ನಾನು ಕರೆಯ (ಕೋಣ ಓಡುವ ಕೆಸರು ಗದ್ದೆಯ) ಬದಿಯಲ್ಲಿ ಕೆಸರಿಗೆ ಮೊಣಕಾಲೂರಿ ತಗ್ಗಿನಿಂದ ತೆಗೆದರೆ, ನಿಶಾನೆಗಿಂತ ಎಷ್ಟೋ ಈಚೆ, ಎಷ್ಟೋ ಕೆಳಗೆ ಎದ್ದ ನೀರೂ ಫೋಟೋದಲ್ಲಿ ನಿಶಾನೆಯನ್ನೇ ಮುಚ್ಚಿಬಿಡ್ತದೆ. ನನಗೆ ಹತ್ತಿರ ಇದ್ದದ್ದು ಎತ್ತರ ಕಾಣ್ತದೆ, ಅಷ್ಟೇ ಗುಟ್ಟು. ಅದೇ ಓಟ, ಅದೇ ನೀರು, ಆಚೆ ಬದಿಯ ದಿಬ್ಬದಿಂದ ಇನ್ನೊಬ್ಬ ತೆಗೆದರೆ ಮೂರು ಕೋಲೂ ಎದ್ದಿಲ್ಲ ಅನ್ನಿಸ್ತದೆ. ನನ್ನ ಫೋಟೋ ಹಿಡಿದುಕೊಂಡು ಕೋಣದ ಯಜಮಾನರು ತೀರ್ಪುಗಾರರ ಹತ್ತಿರ ಜಗಳಕ್ಕೆ ಹೋದದ್ದೂ ಉಂಟು. ನಾನು ಆಗ ಊಟದ ಚಪ್ಪರದ ಕಡೆ ಜಾರಿಕೊಂಡೆ.

ಒಪ್ಪದ ಅರ್ಧ: ಓಡುವ ಪ್ರಾಣಿಯ ವಿಷಯದಲ್ಲಿ ಪೇಂಟರುಗಳು ಶತಮಾನಗಟ್ಟಲೆ ಸುಳ್ಳೇ ಬರೆದದ್ದು. ನಾಗಾಲೋಟದ ಕುದುರೆ ಅಂದರೆ ಮುಂಗಾಲು ಮುಂದೆ, ಹಿಂಗಾಲು ಹಿಂದೆ ಚಾಚಿ ಹಾರುವ ಹಾಗೆ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು, ಕುದುರೆ ದಾಟುವಾಗ ದಾರ ತಾಗಿ ಒಂದೊಂದೇ ಶಟರ್ ಬೀಳುವ ಹಾಗೆ ಮಾಡಿ ತೆಗೆದ. ನೋಡಿದರೆ ನಾಲ್ಕೂ ಕಾಲು ನೆಲ ಬಿಡುವುದು ಹೊಟ್ಟೆಯಡಿಗೆ ಮಡಚಿಕೊಂಡಾಗ! ಚಾಚಿದಾಗ ಅಲ್ಲವೇ ಅಲ್ಲ. ಕಣ್ಣಿಗೆ ಅದು ಎಂದೂ ಸಿಕ್ಕಿರಲಿಲ್ಲ.

ಬಣ್ಣದಬುಟ್ಟಿ

ಆ ಮಾತಿಗೆ ಫ್ರೆಂಚ್ ಶಿಲ್ಪಿ ರೋದಾ ಆವಾಗಲೇ ಉತ್ತರ ಕೊಟ್ಟಿದ್ದ. ಲೋಕದಲ್ಲಿ ಕಾಲ ನಿಲ್ಲುವುದಿಲ್ಲ, ನಿಲ್ಲಿಸಿ ತೋರಿಸುವ ಫೋಟೋವೇ ಸುಳ್ಳು ಎಂಬುದು ಅವನ ವಾದ. ನನಗೆ ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಕುದುರೆಯ ಕಾಲಿನ ವಿಷಯದಲ್ಲಿ ಮೈಬ್ರಿಜ್ ಗೆದ್ದ, ಅಷ್ಟು ಒಪ್ಪಿಕೊಳ್ಳುವುದೇ ಮರ್ಯಾದೆ.

ಪಿಕ್ಸೆಲ್ ಸುರತ್ಕಲ್

ಅಂತೂ ಒಬ್ಬರಾದರೂ ಒಪ್ಪಿದರಲ್ಲ. ನೀವೆಲ್ಲ ಹೇಳ್ತಿರುವುದು ಕೆಟ್ಟ ಪ್ಲೇಟು, ಕೆಟ್ಟ ಕೋನ, ಕೆಟ್ಟ ಬೆಳಕಿನ ಕತೆ. ನನ್ನ ಪ್ರಶ್ನೆ ಬೇರೆ. ಎದುರಿಗೆ ಇಲ್ಲದ್ದು ಫೋಟೋದಲ್ಲಿ ತಾನಾಗಿ ಬರುವುದಿಲ್ಲ. ಚಿತ್ರದಲ್ಲಿ ಏನು ಬೇಕಾದರೂ ಬರ್ತದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲಿನ ಗೋಡೆ, ಮಾಡು ಪೂರ್ತಿ ಇಟಲಿಯ ಚಿತ್ರಕಾರ ಮೊಸ್ಕೇನಿ ಬರೆದದ್ದಲ್ವಾ? ಚಂದ ಅಂದರೆ ಚಂದ, ಹೆಚ್ಚಿನದು ಹಸಿ ಗಾರೆಯ ಮೇಲೆ ಬಣ್ಣ ಕೂರಿಸಿದ್ದು, ನೂರು ವರ್ಷ ದಾಟಿದರೂ ಉಂಟು. ಆದರೆ ಅದರಲ್ಲಿರುವ ಸಂತ ಅಲೋಶಿಯಸ್ ತೀರಿಕೊಂಡದ್ದು 1591ರಲ್ಲಿ. ಮೊಸ್ಕೇನಿ ಹುಟ್ಟಿದ್ದು 1854ರಲ್ಲಿ. ಅವರ ಮುಖ ಹಾಗೆಯೇ ಇತ್ತು ಅಂತ ಆ ಗೋಡೆ ಸಾಕ್ಷಿ ಹೇಳ್ತದಾ? ಓಟದ ಸ್ಪರ್ಧೆಯಲ್ಲಿ ಸಾವಿರದ ಒಂದು ಪಾಲು ಸೆಕೆಂಡಿನಲ್ಲಿ ಯಾರು ಗೆದ್ದರು ಅಂತ ಫೋಟೋ ಫಿನಿಶ್ ಹೇಳ್ತದೆ. ಯಾವ ಪೇಂಟರ್ ಹೇಳ್ತಾನೆ?

ಕಂಬಳ ಕರೆ

ಫೋಟೋ ಫಿನಿಶಿನ ಹೆಸರು ತೆಗೆಯಬಾರದಿತ್ತು ನೀನು. ಆ ಕ್ಯಾಮೆರಾ ನೋಡುವುದು ಗೆಲುವಿನ ಗೆರೆಯ ಮೇಲಿನ ಒಂದು ಕೂದಲೆಳೆಯಷ್ಟು ಜಾಗವನ್ನು ಮಾತ್ರ. ಅದೇ ಜಾಗವನ್ನು ಮತ್ತೆ ಮತ್ತೆ ತೆಗೆದು ಪಕ್ಕ ಪಕ್ಕ ಜೋಡಿಸ್ತದೆ. ಅದರಲ್ಲಿ ಎಡದಿಂದ ಬಲಕ್ಕೆ ಇರುವುದು ದೂರ ಅಲ್ಲ, ಹೊತ್ತು. ಒಬ್ಬರ ಪಕ್ಕ ಒಬ್ಬರು ಕಾಣುವ ಆ ಓಟಗಾರರು ಯಾವ ಕ್ಷಣದಲ್ಲಿಯೂ ಹಾಗೆ ನಿಂತದ್ದಿಲ್ಲ. ತೀರ್ಪು ಮಾತ್ರ ನೂರಕ್ಕೆ ನೂರು ಸರಿ.

ಕೇಪಳ

ಸಸ್ಯಶಾಸ್ತ್ರ ಓದಿಸುವವಳು ನಾನು, ಆ ಕಡೆಯಿಂದ ಒಂದು ಮಾತು. ಗಿಡ ಗುರುತಿಸುವ ಎಷ್ಟೋ ಪುಸ್ತಕಗಳಿಗೆ ಇವತ್ತಿಗೂ ಕೈಯಲ್ಲಿ ಬರೆದ ಚಿತ್ರವೇ ಬೇಕು. ನಮ್ಮ ಪಡುವಣ ಕರಾವಳಿಯ ಗಿಡಮರಗಳ ಮೇಲೆ ಡಚ್ಚರ ವಾನ್ ರೀಡ್ ಮಾಡಿಸಿದ ಹೊರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದಕ್ಕೆ ನೆರವಾದ ವೈದ್ಯರಲ್ಲಿ ಕೊಚ್ಚಿಯ ಮೂವರು ಕೊಂಕಣಿಗರೂ ಇದ್ದರು. ಅಂಥ ಚಿತ್ರಗಳಲ್ಲಿ ಎಲೆ, ಮೊಗ್ಗು, ಹೂ, ಕಾಯಿ, ಸೀಳಿದ ಬೀಜ ಎಲ್ಲ ಒಂದೇ ಹಾಳೆಯಲ್ಲಿರುತ್ತವೆ. ತೋಟಕ್ಕೆ ಹೋಗಿ ಆ ಹಾಳೆಯ ಹಾಗಿರುವ ಕೊಂಬೆ ಹುಡುಕಿದರೆ ಸಿಗುವುದಿಲ್ಲ, ಹೂ ಬಿಡುವ ತಿಂಗಳೇ ಬೇರೆ, ಬೀಜ ಬಲಿಯುವ ತಿಂಗಳೇ ಬೇರೆ. ಆದರೂ ಗಿಡವನ್ನು ಪತ್ತೆ ಹಚ್ಚಲು ಆ ಹಾಳೆ ಬೇಕು. ನನ್ನ ಮೊಬೈಲ್ ಫೋಟೋದಲ್ಲಿರುವುದು ಹುಳ ತಿಂದ ಒಂದು ಎಲೆ, ಅದರ ಮೇಲೆ ಬಿದ್ದ ಬಿಸಿಲು. ಆ ಒಂದು ಎಲೆಯ ಬಗ್ಗೆ ಫೋಟೋ ನಿಜ ಹೇಳುತ್ತದೆ, ಆ ಜಾತಿಯ ಬಗ್ಗೆ ಚಿತ್ರ ಹೇಳುತ್ತದೆ.

ಕೋರ್ಟು ರಸ್ತೆ

ವಕೀಲರ ಮಾತು ಕಡೆಗೆ ಬರುವುದು ವಾಡಿಕೆ, ಇವತ್ತು ಸ್ವಲ್ಪ ಮೊದಲೇ ಬಂದೆ.

ಅಪಘಾತದ ಕೇಸಿನಲ್ಲಿ ಫೋಟೋಗಳೂ ಇರುತ್ತವೆ, ಪೊಲೀಸರು ಕೈಯಲ್ಲಿ ಗೀಚಿದ ಸ್ಥಳ ನಕ್ಷೆಯೂ ಇರುತ್ತದೆ. ನಕ್ಷೆಯಲ್ಲಿ ರಸ್ತೆ ಎರಡು ಗೆರೆ, ಬಸ್ಸು ಒಂದು ಚೌಕ, ಬೈಕು ಒಂದು ಅಡ್ಡ ಗೀಟು. ಎಲ್‌ಕೆಜಿ ಮಗು ಇನ್ನೂ ಚೆನ್ನಾಗಿ ಬರೆದೀತು. ಆದರೆ ಬಸ್ಸಿನಿಂದ ಬೈಕಿಗೆ ಎಷ್ಟು ಅಡಿ, ರಸ್ತೆಯ ಅಂಚಿನಿಂದ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ, ಫೋಟೋದಿಂದ ಅದು ನೇರವಾಗಿ ಸಿಗುವುದಿಲ್ಲ. ಪಿಕ್ಸೆಲ್ ಅವರ ಲೆಕ್ಕದಲ್ಲಿ ನಕ್ಷೆ ಬರೇ ಕಲ್ಪನೆ, ಫೋಟೋ ಸತ್ಯ. ಕೋರ್ಟು ಹಾಗೆ ನೋಡುವುದಿಲ್ಲ. ನಕ್ಷೆ ಬರೆದವರನ್ನು ಸಾಕ್ಷಿಕಟ್ಟೆ ಹತ್ತಿಸಿ ಪಾಟೀಸವಾಲು ಮಾಡಬಹುದು: ಎಲ್ಲಿ ನಿಂತಿದ್ದಿರಿ, ಟೇಪು ಯಾರು ಹಿಡಿದರು, ಎಷ್ಟು ಗಂಟೆಗೆ. ಫೋಟೋವನ್ನು ನಾನು ಎಷ್ಟು ಕೇಳಿದರೂ ಅದು ಬಾಯಿ ಬಿಡುವುದಿಲ್ಲ. ಅದಕ್ಕೇ ಮೊಬೈಲಿನ ಫೋಟೋವನ್ನು ಸುಮ್ಮನೆ ತಂದು ಕೊಟ್ಟರೆ ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಜೊತೆಗೆ ಸರ್ಟಿಫಿಕೇಟ್ ಬೇಕು. ಯಾವ ಸಾಧನದಲ್ಲಿ ತೆಗೆದದ್ದು, ಫೈಲಿನ ಹ್ಯಾಶ್ ಸಂಖ್ಯೆ (ಫೈಲು ಬದಲಾದರೆ ತಾನೂ ಬದಲಾಗುವ ಗುರುತು) ಎಷ್ಟು, ಇದನ್ನು ಹಾಜರುಪಡಿಸುವವರೂ ತಜ್ಞರೂ ಸಹಿ ಹಾಕಿ ಹೇಳಬೇಕು. ಅಂದರೆ ಫೋಟೋದ ಹಿಂದೆಯೂ ಹೊಣೆ ಹೊರುವ ಒಬ್ಬ ಮನುಷ್ಯ ಬೇಕೇ ಬೇಕು.

ಹಳೇ ವಿದ್ಯಾರ್ಥಿಗಳೇ, ನಿಮ್ಮ ಎಐ ಫೋಟೋದ ಹಿಂದೆ ನಿಂತು "ಇದು ಮಾಸ್ಟ್ರು ಹೌದು" ಅಂತ ಹೇಳುವವರು ಯಾರು?

ಬಣ್ಣದಬುಟ್ಟಿ

ನಾನು ಕೇಳಬೇಕೆಂದಿದ್ದದ್ದನ್ನು ವಕೀಲರು ಕೇಳಿದರು. 2023ರಲ್ಲಿ ಒಬ್ಬಾತ ಚಂದ್ರನ ಫೋಟೋವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ಕೋಣೆಯ ದೀಪ ಆರಿಸಿ ಒಂದು ದುಬಾರಿ ಮೊಬೈಲಿನಿಂದ ಅದರ ಫೋಟೋ ತೆಗೆದ. ಪರದೆಯಲ್ಲಿ ಇಲ್ಲವೇ ಇಲ್ಲದ ಕುಳಿಗಳು ಮೊಬೈಲಿನ ಫೋಟೋದಲ್ಲಿ ಸ್ಪಷ್ಟವಾಗಿ ಬಂದವು! ಚಂದ್ರನ ಮಟ್ಟಿಗೆ ಹೋಗಲಿ, ಇರುವುದು ಒಬ್ಬನೇ, ತೋರಿಸುವ ಮುಖವೂ ಒಂದೇ, ಊಹೆ ಹೆಚ್ಚು ತಪ್ಪುವುದಿಲ್ಲ. ಮಾಸ್ಟ್ರ ಮುಖವನ್ನು ಆ ಯಂತ್ರ ಎಲ್ಲಿ ಕಂಡದ್ದು?

ಪಿಕ್ಸೆಲ್ ಸುರತ್ಕಲ್

ಹಳೇ ವಿದ್ಯಾರ್ಥಿ ಸರ್ ನನಗೆ ಫೋಟೋದ ಕಾಪಿ ವಾಟ್ಸಾಪ್ ಮಾಡಿದ್ದರು, ಬೇರೆ ಬೇರೆ ಆ್ಯಪಿನಲ್ಲಿ ಹಾಕಿ ನೋಡಿದೆ. ಎಲ್ಲವೂ ನೋಡ್ಲಿಕ್ಕೆ ಅಸಲಿ ಫೋಟೋದ ಹಾಗೆಯೇ ಉಂಟು, ಚರ್ಮದ ರಂಧ್ರ ಸಮೇತ. ಆದರೆ ಒಂದರಲ್ಲಿ ಬಂದ ಮನುಷ್ಯನಿಗೂ ಇನ್ನೊಂದರಲ್ಲಿ ಬಂದವನಿಗೂ ದಾಯಾದಿ ಸಂಬಂಧ ಹೇಳಬಹುದು, ಅಷ್ಟೇ. ಮೂಲದಲ್ಲಿ ಕಿವಿಯ ಹತ್ತಿರ ಒಂದು ಬೆಳ್ಳಗಿನ ಚುಕ್ಕೆ ಇತ್ತು, ಯಾವ ಆ್ಯಪೂ ಅದನ್ನು ಉಳಿಸಲಿಲ್ಲ.

ಹಳೇ ವಿದ್ಯಾರ್ಥಿ, ಉಡುಪಿ

ಅದು ಒಂಟಿ ಮಾರಾಯಾ! ಮಾಸ್ಟ್ರ ಕಿವಿಯಲ್ಲಿ ಚಿನ್ನದ ಒಂಟಿ ಇತ್ತಂತೆ. ಮೊಮ್ಮಗಳು ಹೇಳಿದ್ದು, ಶಾಲೆಯ ಮಾಡು ಹುಲ್ಲಿನಿಂದ ಹಂಚಿಗೆ ಬದಲಿಸುವಾಗ ಅದನ್ನು ಅಡವಿಟ್ಟಿದ್ದರಂತೆ.

ಡಾರ್ಕ್‌ರೂಮ್ ಮಾಮ

ಕಂಡೆಯಾ. ನಾನು ಪೆನ್ಸಿಲಿನಲ್ಲಿ ಸುಕ್ಕು ಅಳಿಸಿದವನೇ, ಆದರೆ ಗಿರಾಕಿಯ ಒಡವೆ ಅಳಿಸಿದರೆ ಮರುದಿನ ಸ್ಟುಡಿಯೋದ ಗಾಜು ಉಳಿಯುತ್ತಿರಲಿಲ್ಲ.

ಪಿಕ್ಸೆಲ್ ಸುರತ್ಕಲ್

ಒಪ್ಪಿದೆ ಮಾಮ, ಎಐ ಮುಖ ಬೇಡ. ಅದನ್ನು ನಾನು ಫೋಟೋ ಅಂತ ಕರೆಯುವುದೂ ಇಲ್ಲ, ಯಾರೂ ಸಹಿ ಹಾಕದ ಪೇಂಟಿಂಗ್ ಅದು. ಆದರೆ ಮೂಲ ಪ್ರಶ್ನೆಯಲ್ಲಿ ನಾನು ಹಿಂದೆ ಹೋಗಿಲ್ಲ. ಆ ಬೆಳ್ಳಗಿನ ಚುಕ್ಕೆ ನಮಗೆ ಸಿಕ್ಕಿದ್ದು ಫೋಟೋದಲ್ಲಿ. ಯಾರಿಗೂ ಅದು ಏನೆಂದು ಗೊತ್ತಿಲ್ಲದಿದ್ದರೂ ಅದು ಅಲ್ಲಿತ್ತು. ಗೊತ್ತಿಲ್ಲದ್ದನ್ನು ಪೇಂಟರ್ ಬರೆಯುವುದಿಲ್ಲ.

ಬಣ್ಣದಬುಟ್ಟಿ

ಈ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಳ್ಳೆಯ ಮಾತು.

ಹಳೇ ವಿದ್ಯಾರ್ಥಿ, ಉಡುಪಿ

ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿ, ಸಮಿತಿಯಲ್ಲಿ ಹೆಚ್ಚುಕಡಿಮೆ ಪೇಂಟಿಂಗ್ ಕಡೆಗೆ ಒಲಿಸಿದ್ದೆ. ನಿನ್ನೆ ಮೊಮ್ಮಗಳ ಅಣ್ಣ ಮುಂಬೈಯಿಂದ ಬಂದರು. ಅವರು ಫೋಟೋ ನೋಡಿ "ಅಜ್ಜ ಥೇಟ್ ಹೀಗೇ ಇದ್ದದ್ದು, ಇದೇ ಗಂಟುಮುಖ" ಅಂದರು. ತಂಗಿ "ನಿನ್ನ ಹತ್ತಿರ ಗಂಟುಮುಖ ಇದ್ದದ್ದು, ನೀನು ಲೆಕ್ಕದಲ್ಲಿ ದಡ್ಡ" ಅಂತ ಅಲ್ಲೇ ಹೇಳಿದರು. ಈಗ ಯಾರ ಅಜ್ಜನನ್ನು ಬರೆಸುವುದು?

ಕುಂದಾಪ್ರದವ

ಎರಡೂ ಬರೆಸಿ. ಒಂದು ಲೆಕ್ಕದ ಕ್ಲಾಸಿಗೆ ಹಾಕಿ.

ಬಣ್ಣದಬುಟ್ಟಿ

ಇಬ್ಬರನ್ನೂ ಒಂದೇ ಕಡೆ ಕೂರಿಸಿ. ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರ ಅಜ್ಜ ಸಿಗುತ್ತಾರೆ. ಮುಖದ ಅಳತೆ ಫೋಟೋದಿಂದಲೇ ತೆಗೆಯಬೇಕು: ಕಣ್ಣುಗಳ ನಡುವಿನ ದೂರ, ಮೂಗಿನ ಉದ್ದ, ದವಡೆ. ಅದನ್ನು ನೆನಪಿಗೆ ಬಿಡಬಾರದು, ನೆನಪು ಎಲ್ಲರನ್ನೂ ಚಂದ ಮಾಡುತ್ತದೆ. ಮೈಬಣ್ಣ, ಹಣೆಯ ಗೀಟಿನ ಬಣ್ಣ, ಶಾಲಿನ ಬಣ್ಣ ಅವರನ್ನು ಕೇಳಿ, ಫೋಟೋಕ್ಕೆ ಅದು ಗೊತ್ತಿಲ್ಲ. ಮೊದಲು ಇದ್ದಿಲಿನಲ್ಲಿ ಬರೆದು ತೋರಿಸಬೇಕು, ಇದ್ದಿಲಾದರೆ ಬಟ್ಟೆಯಲ್ಲಿ ಒರಸಿ ಅವರೆದುರೇ ತಿದ್ದಬಹುದು. "ಹುಬ್ಬು ಹಾಗಲ್ಲ" ಅಂತ ಇಬ್ಬರೂ ಒಟ್ಟಿಗೆ ಹೇಳಿದ ಕಡೆ ಕಲಾವಿದರು ಕಿವಿಗೊಡಬೇಕು, ಒಬ್ಬರೇ ಹೇಳಿದ ಕಡೆ ಫೋಟೋ ನೋಡಬೇಕು. ಪೇಂಟಿಂಗಿನ ಕೆಳಗೆ ಬರೆದವರ ಹೆಸರು, ವರ್ಷ, ಯಾವ ಫೋಟೋ, ಯಾರ ನೆನಪು ಎಂಬುದೆಲ್ಲ ಇರಲಿ. ಪಕ್ಕದಲ್ಲಿ ಆ ಗ್ರೂಪ್ ಫೋಟೋದ ಪ್ರಿಂಟನ್ನೂ ಒಂದಿಷ್ಟೂ ತಿದ್ದದೆ ಹಾಕಿ.

ಕೋರ್ಟು ರಸ್ತೆ

ಆ ಕೊನೆಯ ಮಾತನ್ನು ಠರಾವು ಪುಸ್ತಕದಲ್ಲಿ ಬರೆದಿಡಿ. ಇಪ್ಪತ್ತು ವರ್ಷ ಕಳೆದ ಮೇಲೆ ಸಮಿತಿ ಬೇರೆ ಇರುತ್ತದೆ.

ಡಾರ್ಕ್‌ರೂಮ್ ಮಾಮ

ಪೇಂಟಿಂಗ್ ಆಗುವಾಗ ಆಗಲಿ, ಮೂಲ ಫೋಟೋದ ಗತಿ ನೋಡಿ ಮೊದಲು. ಈಗ ಎಲ್ಲಿಟ್ಟಿದ್ದೀರಿ? ಶಾಲೆಯ ಗೋದ್ರೆಜ್ ಕಪಾಟಿನಲ್ಲಾದರೆ ಮಳೆಗಾಲಕ್ಕೆ ಮುಂಚೆ ಹೊರಗೆ ತೆಗೆಯಿರಿ, ನಮ್ಮ ಆಟಿ ತಿಂಗಳ ತೇವಕ್ಕೆ ಎಮಲ್ಷನ್ (ಚಿತ್ರ ಮೂಡಿದ ಮೇಲ್ಪದರ) ಮೇಲೆ ಬೂಸ್ಟು ಹಿಡಿದರೆ ಒರಸಿದಲ್ಲಿ ಮುಖವೇ ಎದ್ದು ಬರ್ತದೆ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜು ಸಮೇತ ತನ್ನಿ. ಲ್ಯಾಮಿನೇಷನ್ ಮಾಡಿಸುವ ಅಂತ ಯಾರಾದರೂ ಹೇಳಿದರೆ ಅವರನ್ನು ಸಮಿತಿಯಿಂದ ತೆಗೆಯಿರಿ. ಮೊಬೈಲಿನಲ್ಲಿ ತೆಗೆದ ಕಾಪಿ ಸಾಲದು, ಅದು ತಾನೇ ಚಂದ ಮಾಡಿ ಕೊಡ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿಪಿಐಗೆ, ಶಾರ್ಪ್ ಗೀರ್ಪ್ ಎಲ್ಲ ಆಫ್ ಮಾಡಿ, ಟಿಫ್ ಫೈಲು ಮಾಡಿ ಇಡಬೇಕು. ಹಿಂದಿನ ರಟ್ಟನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮೊಹರು, ಮಕ್ಕಳ ಹೆಸರು ಎಲ್ಲ ಇದ್ದರೆ ಅಲ್ಲೇ ಇರುವುದು.

ಪಿಕ್ಸೆಲ್ ಸುರತ್ಕಲ್

ಸ್ಕ್ಯಾನರ್ ನನ್ನ ಹತ್ತಿರ ಉಂಟು ಮಾಮ, ಕಾರಿನಲ್ಲಿ ಹಾಕಿಕೊಂಡು ಬರ್ತೇನೆ. ಗಾಜು ಬಿಡಿಸ್ಲಿಕ್ಕೆ ನೀವೇ ಬರಬೇಕು. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಆದೀತಾ?

ಡಾರ್ಕ್‌ರೂಮ್ ಮಾಮ

ಊಟಕ್ಕೆ ಮುಂಚೆಯೇ ಬಾ. ಮಂಗಳೂರಿನಿಂದ ನನ್ನನ್ನೂ ಕರ್ಕೊಂಡು ಹೋಗ್ಲಿಕ್ಕುಂಟಲ್ಲ.